ಚಕ್ರ ಚೆಂದ ಇದ್ರೆ ಸಾಕಾ ಗುರೂ?

1968ರ ‘ಬುಲಿಟ್’ ಚಿತ್ರ ನೋಡಿದವರು ಒಂದು ತಮಾಷೆ ಗಮನಿಸಿರಬೇಕು. ಸ್ಯಾನ್‌ಫ್ರಾನ್ಸಿಸ್ಕೋದ ಏರಿಳಿತದ ಬೀದಿಗಳಲ್ಲಿ ವಿಲನ್‌ಗಳ ಕರೀ ಡಾಡ್ಜ್ ಚಾರ್ಜರ್ ಹಾರಿ ಬೀಳುತ್ತೆ, ವೀಲ್ ಕಪ್ಪುಗಳು ಉರುಳಿ ಹೋಗುತ್ತವೆ. ಎಣಿಸಿ ನೋಡಿ, ನಾಲ್ಕೇ ಚಕ್ರದ ಗಾಡಿಯಿಂದ ನಾಲ್ಕಕ್ಕಿಂತ ಹೆಚ್ಚು ಕಪ್ಪು ಉದುರಿರುತ್ತೆ! ಎಲ್ಲ ಎಡಿಟಿಂಗ್ ಟೇಬಲ್ಲಿನ ಕೃಪೆ. ಅದಕ್ಕೂ ಮೊದಲು, 1964ರ ‘ಗೋಲ್ಡ್‌ಫಿಂಗರ್’ನಲ್ಲಿ ಬಾಂಡ್‌ನ ಆಸ್ಟನ್ ಮಾರ್ಟಿನ್ ಚಕ್ರದಿಂದ ಕತ್ತಿಯೇ ಹೊರಗೆ ಬಂದು ಪಕ್ಕದ ಕಾರಿನ ಟೈರು ಸೀಳಿಬಿಡುತ್ತೆ.

ತೆರೆಯ ಮೇಲೆ ಚಕ್ರ ಏನು ಬೇಕಾದ್ರೂ ಮಾಡಬಹುದು. ತುಮಕೂರು ರಸ್ತೆಯಲ್ಲಿ ಹಾಗಲ್ಲ ಸ್ವಾಮಿ!

ಯಶವಂತಪುರದ ಮಾರ್ಕೆಟ್ ಯಾರ್ಡಿನ ಹಿಂದೆ ಒಂದು ಶೆಡ್ಡಿದೆ. ಅಲ್ಲಿನ ಮೇಸ್ತ್ರಿಗೆ ಪತ್ರಿಕೆಯಲ್ಲಿ ಹೆಸರು ಬರೋದು ಇಷ್ಟವಿಲ್ಲ, ಹಾಗಾಗಿ ಬರೆಯೋದಿಲ್ಲ. ಮೊನ್ನೆ ನಾನಲ್ಲಿ ಕೂತಿದ್ದಾಗ ಮತ್ತಿಕೆರೆಯ ಹುಡುಗನೊಬ್ಬ ತನ್ನ ಮಾರುತಿ ಸ್ವಿಫ್ಟ್ ತಂದ. ಕೆಂಪು ಪೇಂಟು, ಹಿಂದೆ ರೆಕ್ಕೆ, ಕೆಳಗೆ ಫಳಫಳ ಹೊಳೆಯೋ ಅಲಾಯ್ ಚಕ್ರ. ಸ್ಪೋರ್ಟ್ಸ್ ಕಾರಿನ ಎಲ್ಲ ವೇಷವೂ ಇತ್ತು.

“ಅಣ್ಣಾ, ಎಂಬತ್ತು ದಾಟಿದ್ರೆ ಸ್ಟೀರಿಂಗು ಗಡಗಡ ನಡುಗುತ್ತೆ. ಬ್ಯಾಲೆನ್ಸಿಂಗ್ ಮಾಡ್ಸಿದ್ರೂ ಹೋಗಿಲ್ಲ.”

“ಚಕ್ರ ಯಾವುದರದಪ್ಪಾ?”

“ಹಳೇ ಪಾಲಿಯೊದ್ದು. ನಾಲ್ಕು ನಟ್ಟಿಗೆ ನಾಲ್ಕು ತೂತು, ಸರಿಯಾಗೇ ಕೂತಿದೆಯಲ್ಲ?”

ಮೇಸ್ತ್ರಿ ಒಂದು ನಟ್ಟು ಬಿಚ್ಚಿ ಬೆಳಕಿಗೆ ಹಿಡಿದರು. ಒಂದೇ ಪಕ್ಕ ಸವೆದು ಹೊಳೀತಿತ್ತು. “ಇದು ಕೂತಿದ್ದಲ್ಲ ಮರಿ, ಎಳೆದು ಕೂರಿಸಿದ್ದು.”

ಇಲ್ಲೇ ಇರೋದು ಕಥೆಯ ಟ್ವಿಸ್ಟು. ಬೋಲ್ಟುಗಳ ಮಧ್ಯದಲ್ಲಿ ಹಾದು ಹೋಗೋ ವೃತ್ತ ಎಷ್ಟು ಅಗಲ ಅನ್ನೋದಕ್ಕೆ ಪಿಸಿಡಿ ಅಂತಾರೆ. ಸ್ವಿಫ್ಟ್‌ಗೆ ಅದು 100 ಮಿಲಿಮೀಟರ್, ಪಾಲಿಯೊಗೆ 98. ಬರೀ ಎರಡು ಮಿಲಿಮೀಟರ್! ಕಣ್ಣಿಗೆ ಕಾಣಲ್ಲ. ಪ್ರತಿ ಸ್ಟಡ್ಡಿಗೆ ಒಂದೊಂದು ಮಿಲಿಮೀಟರ್ ಪಾಲು ಬೀಳುತ್ತೆ, ಸ್ಪ್ಯಾನರ್ ಹಾಕಿ ತಿರುಗಿಸಿದ್ರೆ ನಟ್ಟು ಏರೇಬಿಡುತ್ತೆ. ಆದರೆ ಸ್ಟಡ್ಡು ಸದಾ ಬಾಗಿಯೇ ಇರುತ್ತೆ. ತಂತಿಯನ್ನ ಹಿಂದೆ ಮುಂದೆ ಬಗ್ಗಿಸಿ ಮುರೀತೀವಲ್ಲ, ಅದೇ ಕೆಲಸ ಚಕ್ರ ಒಂದು ಸುತ್ತು ಬಂದಾಗಲೆಲ್ಲ ನಡೀತಾ ಇರುತ್ತೆ. ಪೀಣ್ಯ ಫ್ಲೈಓವರ್ ಮೇಲೆ ಅದು ಪಟ್ ಅಂದರೆ? ಅಲ್ಲಿ ಡೂಪ್ ಇರೋದಿಲ್ಲ, ಎರಡನೇ ಟೇಕೂ ಇರೋದಿಲ್ಲ.

“ಹಂಗಾದ್ರೆ ಹೋಂಡಾ ಸಿಟಿದು ಹಾಕ್ಲಾ? ಅದೂ ನೂರೇ ಅಲ್ವಾ?” ಹುಡುಗ ಪಾಠ ಬೇಗ ಕಲಿತ. ಪಿಸಿಡಿ ಒಂದೇ, ನಿಜ. ಆದರೆ ನಡುವಿನ ದೊಡ್ಡ ತೂತು ಹೋಂಡಾ ಚಕ್ರದಲ್ಲಿ 56.1 ಮಿ.ಮೀ., ಸ್ವಿಫ್ಟ್‌ನ ಹಬ್ಬು 54.1. ಸಡಿಲ ಇರೋ ಜಾಗಕ್ಕೆ ಉಂಗುರ ಹಾಕಬೇಕು, ಇಲ್ಲದಿದ್ರೆ ಚಕ್ರ ನಡುವಿಗೆ ಕೂರದೆ ಮತ್ತೆ ಅದೇ ನಡುಕ. ಇನ್ನು ಹೋಂಡಾ ಕಂಪನಿ ಚಕ್ರದಲ್ಲಿ ನಟ್ಟು ಕೂರೋ ಗುಂಡಿ ಬಟ್ಟಲಿನ ಹಾಗೆ ಗುಂಡಗೆ, ಮಾರುತಿ ನಟ್ಟಿನ ತುದಿ ಲಾಳಿಕೆಯ ಹಾಗೆ ಇಳಿಜಾರು. ಬಟ್ಟಲಲ್ಲಿ ಲಾಳಿಕೆ ಇಟ್ಟರೆ ಅಂಚು ಮಾತ್ರ ತಾಗುತ್ತೆ, ಸಡಿಲವಾಗೋದು ಖಚಿತ. ಸರಿ, ಹೋಂಡಾ ನಟ್ಟೇ ಹಾಕೋಣ ಅಂದ್ರೆ ಅದರ ಮರೆಯೇ ಬೇರೆ, ಸ್ವಿಫ್ಟ್ ಸ್ಟಡ್ಡಿಗೆ ಏರಲ್ಲ!

ಅಂದ ಹಾಗೆ, ನಿಜವಾದ ಸ್ಪೋರ್ಟ್ಸ್ ಕಾರುಗಳ ಸಂಗತಿ? ಪೋರ್ಷೆ 911ಕ್ಕೆ ಐದು ಬೋಲ್ಟು, 130 ಮಿ.ಮೀ. ಆದರೆ 1989ರಲ್ಲಿ ಬಂದ ಜಪಾನಿನ ಮಜ್ದಾ ಮಿಯಾಟಾ ಎಂಬ ಎರಡು ಸೀಟಿನ ಸುಂದರಿಗೆ ನಾಲ್ಕು ನಟ್ಟು, 100 ಮಿ.ಮೀ., ಹಬ್ಬು 54.1. ನಮ್ಮ ಸ್ವಿಫ್ಟ್ ಅಳತೆಯೇ! ಹುಡುಗನ ಮುಖ ಅರಳಿತು. ಮೇಸ್ತ್ರಿ ತಕ್ಷಣ ಬ್ರೇಕ್ ಹಾಕಿದರು: “ಆಫ್‌ಸೆಟ್ಟು ನೋಡಿದ್ಯಾ?” ಚಕ್ರದ ಅಗಲದ ನಡುಗೆರೆಯಿಂದ ಹಬ್ಬಿಗೆ ತಾಗೋ ಮುಖ ಎಷ್ಟು ದೂರ ಅನ್ನೋ ಲೆಕ್ಕ ಅದು. 45 ಇದ್ದದ್ದು 30 ಆದ್ರೆ ಚಕ್ರ 15 ಮಿ.ಮೀ. ಆಚೆ ಬರುತ್ತೆ. ನೋಡೋಕೆ ಗತ್ತು, ಆದರೆ ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜುತ್ತೆ, ಬೇರಿಂಗು ಬೇಗ ಹೋಗುತ್ತೆ.

ನಮ್ಮೂರಿಗೂ ಒಂದು ಸ್ಪೋರ್ಟ್ಸ್ ಕಾರಿನ ಹೆಮ್ಮೆ ಇದೆ. ಬೆಂಗಳೂರಿನ ಸ್ಯಾನ್ ಮೋಟರ್ಸ್ 1998ರಲ್ಲಿ ತಂದ ‘ಸ್ಟಾರ್ಮ್’: ಎರಡೇ ಸೀಟು, ಫೈಬರ್ ಮೈ, ರೆನೋದ 1149 ಸಿಸಿ ಇಂಜಿನ್ನು. ಅಂಥ ನಿಂತುಹೋದ ಗಾಡಿ ಇಟ್ಟುಕೊಂಡವರಿಗೆ ಶೋರೂಮಿಲ್ಲ. ಸ್ಕೇಲು, ವರ್ನಿಯರೇ ಗತಿ. ನಾಲ್ಕು ಸ್ಟಡ್ ಇದ್ದರೆ ಎದುರುಬದುರಿನ ಎರಡರ ನಡುವೆ ಅಳೆದರಾಯ್ತು. ಐದಿದ್ದರೆ ಅಕ್ಕಪಕ್ಕದ ಎರಡರ ಅಂತರವನ್ನ 1.701ರಿಂದ ಗುಣಿಸಿ. ಹಳೇ ಕಬ್ಬಿಣದ ಚಕ್ರವನ್ನೇ ಹೊತ್ತುಕೊಂಡು ಜೆ.ಸಿ. ರಸ್ತೆಗೆ ಹೋಗೋದು ಇನ್ನೂ ಕ್ಷೇಮ. ಬೆನ್ನಿಗೆ ಬೆನ್ನು ಹಚ್ಚಿ ನೋಡಿದ್ರೆ ಅಂಗಡಿಯವನ ಮಾತು ಬೇಕಾಗಲ್ಲ.

ಹುಡುಗನ ಸ್ವಿಫ್ಟ್‌ನ ಹದಿನಾರೂ ಸ್ಟಡ್ಡು ಬದಲಾಯಿತು, ಡಿಕ್ಕಿಯಲ್ಲಿದ್ದ ಹಳೇ ಚಕ್ರಗಳೇ ವಾಪಸ್ಸು ಬಂದವು. ಪಾಲಿಯೊ ಚಕ್ರಗಳನ್ನ ಪಾಲಿಯೊ ಇರೋ ಯಾರಿಗಾದ್ರೂ ಮಾರಬೇಕು, ಕೊಟ್ಟ ಕಾಸಿಗೆ ಅರ್ಧ ಬಂದ್ರೂ ಪುಣ್ಯ. “ನೂರು ಕಿಲೋಮೀಟರ್ ಓಡಿಸಿ ಬಾ, ನಟ್ಟು ಇನ್ನೊಂದ್ಸಲ ಬಿಗಿ ಮಾಡ್ತೀನಿ,” ಅಂದರು ಮೇಸ್ತ್ರಿ.