‘ಯಣ್ಣಾ, ಗಾಡಿ ಸೈಡಿಗೆ ಹಾಕು’ ಅನ್ನೋಕೆ ಬಾಯಿ ಯಾಕೆ ಬರಲ್ಲ? ಬಜ್ಪೆ ದುರಂತ ತೋರಿಸಿದ್ದು

ಉಗರಗೋಳ (ಸವದತ್ತಿ ತಾ.): ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಟೆಂಪೋ, ಕ್ರೂಸರ್‌ಗಳು ಉಗರಗೋಳದ ರಸ್ತೆ ತುಂಬುತ್ತವೆ. ಎಷ್ಟೋ ಚಾಲಕರು ರಾತ್ರಿಯಿಡೀ ನಿದ್ದೆಗೆಟ್ಟು ಬಂದಿರ್ತಾರೆ. ಚಾಲಕ ತೂಕಡಿಸೋದು ಪಕ್ಕದ ಕ್ಲೀನರ್ ಹುಡುಗನಿಗೆ ಕಾಣುತ್ತೆ. ಒಂದು ಸಲ ಹೇಳ್ತಾನೆ. ಬೈಸಿಕೊಂಡ ಮೇಲೆ ಸುಮ್ಮನಾಗ್ತಾನೆ.

ಅಪಘಾತ ಆದರೆ ‘ಚಾಲಕನ ನಿರ್ಲಕ್ಷ್ಯ’ ಅಂತ ಬರೆದು ಸುದ್ದಿ ಮುಗಿಯುತ್ತದೆ. ಆ ಎರಡು ಪದದ ಹಿಂದೆ ಏನೇನು ಇರುತ್ತೆ ಅನ್ನೋದಕ್ಕೆ ಮಂಗಳೂರಿನ ಬಜ್ಪೆ ವಿಮಾನ ದುರಂತದ ತನಿಖೆ ನೋಡಬೇಕು.

2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಂದಕಕ್ಕೆ ಬಿತ್ತು. 158 ಜನ ಸತ್ತರು, 8 ಜನ ಉಳಿದರು. ಕ್ಯಾಪ್ಟನ್ ಹಾರಾಟದ ಬಹುಹೊತ್ತು ನಿದ್ದೆ ಮಾಡಿದ್ದು, ಗೊರಕೆ ಸಮೇತ, ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಸಿಕ್ಕಿತು. ತಪ್ಪು ಅವರದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವತ್ತು ಮಂಗಳೂರಿನ ರಾಡಾರ್ ಕೆಟ್ಟಿತ್ತು. ಹಾಗಾಗಿ ವಿಮಾನಕ್ಕೆ ಕೆಳಗಿಳಿಯೋಕೆ ಅನುಮತಿ ತಡವಾಗಿ ಸಿಕ್ಕಿ, ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ನಿದ್ದೆಯ ಮಂಪರಲ್ಲಿದ್ದ ಕ್ಯಾಪ್ಟನ್ ಅದನ್ನ ಕಡಿದಾಗಿ ಇಳಿಸೋಕೆ ಹೊರಟರು.

ಹಿಂಗಾದಾಗ ಇಳಿಸದೆ ಮೇಲಕ್ಕೆತ್ತಿ, ಒಂದು ಸುತ್ತು ಹಾಕಿ ಮತ್ತೆ ಬರಬೇಕು. ಅದಕ್ಕೆ ‘ಗೋ ಅರೌಂಡ್’ ಅಂತಾರೆ. ಸಹ ಪೈಲಟ್ ಮೂರು ಸಲ ಹಾಗಂತ ಹೇಳಿದರು. ವಿಮಾನದ ಯಂತ್ರವೂ ಎಚ್ಚರಿಕೆ ಕೊಡ್ತಾ ಇತ್ತು. ಕ್ಯಾಪ್ಟನ್ ಕೇಳಲಿಲ್ಲ. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಹೋದ ಮೇಲೆ ಚಕ್ರ ನೆಲ ಮುಟ್ಟಿತು.

ಸಹ ಪೈಲಟ್ ತಾನೇ ಯಾಕೆ ವಿಮಾನ ಎತ್ತಲಿಲ್ಲ? ತನಿಖಾ ವರದಿ ಇಲ್ಲಿ ಮುಖ್ಯ ಮಾತೊಂದನ್ನು ಹೇಳುತ್ತೆ: ಕ್ಯಾಪ್ಟನ್ ಇರುವಾಗ ಸಹ ಪೈಲಟ್ ಹಾಗೆ ಮಾಡಬಹುದಾ ಅನ್ನೋದು ನಿಯಮಗಳಲ್ಲೇ ಗೊಂದಲವಾಗಿತ್ತು. ಅಂದರೆ ತಪ್ಪು ಕಂಡಿತ್ತು, ಹೇಳಿದ್ದೂ ಆಗಿತ್ತು. ನಿಲ್ಲಿಸೋ ಅಧಿಕಾರ ಯಾರದು ಅನ್ನೋದು ಮಾತ್ರ ಸ್ಪಷ್ಟ ಇರಲಿಲ್ಲ.

1977ರಲ್ಲಿ ಟೆನೆರಿಫ್ ದ್ವೀಪದಲ್ಲಿ ಎರಡು ವಿಮಾನ ಡಿಕ್ಕಿಯಾಗಿ 583 ಜನ ಸತ್ತಾಗಲೂ ಕಿರಿಯ ಸಿಬ್ಬಂದಿಯ ಅನುಮಾನವನ್ನ ಕ್ಯಾಪ್ಟನ್ ತಳ್ಳಿಹಾಕಿದ್ದರು. ಅಂಥ ದುರಂತಗಳ ನಂತರವೇ ಕಿರಿಯರು ಗಟ್ಟಿಯಾಗಿ ಹೇಳೋದು, ಹಿರಿಯರು ಕೇಳೋದು ಪೈಲಟ್ ತರಬೇತಿಗೆ ಸೇರಿತು. ಗೋ ಅರೌಂಡ್ ಮಾಡಿದ್ದಕ್ಕೆ ಪೈಲಟ್‌ಗೆ ಶಿಕ್ಷೆ ಇಲ್ಲ ಅನ್ನೋ ನೀತಿಯೂ ಬಂತು.

ಗುಡ್ಡಕ್ಕೆ ಬರೋ ಗಾಡಿಗೆ ಇದಕ್ಕೆಲ್ಲ ಖರ್ಚಿಲ್ಲ. ಬಾಡಿಗೆ ಕೊಡೋ ಹಿರಿಯರು ಹೊರಡೋ ಮುಂಚೆ ಎಲ್ಲರೆದುರು ಚಾಲಕನಿಗೆ ಹೇಳಿದರೆ ಸಾಕು: ‘ಈ ಹುಡುಗ ನಿಲ್ಸು ಅಂದ್ರ ನಿಲ್ಸಬೇಕು. ತಡಾ ಆದ್ರ ಬಾಡಿಗಿ ಕಡಿಯಂಗಿಲ್ಲ.’