ವಾಹನಗಳಲ್ಲಿ ತಂಗುವ ಪ್ರವಾಸಿಗರು ಹಾಗೂ ಹಳ್ಳದ ನೀರಿನ ಬಳಕೆ
ಮಲೆನಾಡಿನ ಹಳ್ಳಗಳ ದಡದಲ್ಲಿ ವಾಹನ ನಿಲ್ಲಿಸಿ ತಂಗುವ ಪ್ರವಾಸಿಗರು ಅಲ್ಲಿನ ನೀರನ್ನೇ ವಾಹನದ ಟ್ಯಾಂಕಿಗೆ ತುಂಬಿಕೊಳ್ಳುವುದುಂಟು. ತಿಳಿಯಾಗಿ ಕಾಣುವ ನೀರೆಲ್ಲ ಶುದ್ಧವಲ್ಲ; ಮೇಲ್ಭಾಗದಲ್ಲಿ ಸೇರಿದ ಮಲದಿಂದ ಕಾಲರಾ, ವಿಷಮಶೀತಜ್ವರ, ಕಾಮಾಲೆ ಹರಡಬಲ್ಲವು. ಅಂತಹ ನೀರನ್ನು ಬಟ್ಟೆಯಲ್ಲಿ ಸೋಸಿ, ಕೊತಕೊತನೆ ಕನಿಷ್ಠ 1 ನಿಮಿಷ ಕುದಿಸಿಯೇ ಕುಡಿಯತಕ್ಕದ್ದು. ಕ್ಲೋರಿನ್ ಮಾತ್ರೆಯಾದರೆ ಪೊಟ್ಟಣದಲ್ಲಿ ಸೂಚಿಸಿದ ಪ್ರಮಾಣದಲ್ಲಿ ಬೆರೆಸಿ 30 ನಿಮಿಷ ಕಾಯಬೇಕು. ಮಳೆಗಾಲದ ಕದಡಿದ ನೀರಿನಲ್ಲಿ ಅದರ ಶಕ್ತಿ ಕುಂದುತ್ತದೆ. ಕಾಫಿ ತೋಟಗಳಿಂದ ಹರಿದು ಬಂದ ಕೀಟನಾಶಕವನ್ನಂತೂ ಕುದಿಸುವುದರಿಂದಾಗಲಿ ಕ್ಲೋರಿನ್‌ನಿಂದಾಗಲಿ ನಿವಾರಿಸಲಾಗದು. ಆದುದರಿಂದ ಪಂಚಾಯಿತಿಯ ನಲ್ಲಿಯನ್ನು ತೋರಿಸಿಕೊಡುವುದೇ ಲೇಸು. ವಾಹನದ ಕೊಳಚೆಯನ್ನು ಹಳ್ಳಕ್ಕೆ ಬಿಟ್ಟಲ್ಲಿ ಕೆಳಗಿನ ಊರಿನವರು ಅದನ್ನೇ ಕುಡಿಯಬೇಕಾದೀತು. ಈ ಬಗ್ಗೆ ಸದಸ್ಯರು ತಂಗುದಾಣಗಳಲ್ಲಿ ಸೂಚನಾಫಲಕ ಹಾಕಿಸಲು ಕ್ರಮ ವಹಿಸುವಂತೆ ಕೋರಲಾಗಿದೆ.