ಡಿಜೆ ಕೈಯಲ್ಲಿ ವಿನೈಲ್, ಸಿಡಿ, ಫೈಲ್

ವಿನೈಲ್ ರೆಕಾರ್ಡಿನಲ್ಲಿ ಹಾಡು ಕಣ್ಣಿಗೂ ಕಾಣುತ್ತದೆ. ಸದ್ದು ಕಡಿಮೆಯಿರುವ ಕಡೆ ಗೀರುಗಳು ಕಡುಗಪ್ಪು, ಜೋರಿರುವ ಕಡೆ ತುಸು ಬೂದು. ಮುಳ್ಳನ್ನು ಎಲ್ಲಿಡಬೇಕೆಂದು ಡಿಜೆ ಅದನ್ನು ನೋಡಿಯೇ ಅಂದಾಜಿಸುತ್ತಾರೆ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಡ್ರಮ್ ಭಾಗವನ್ನಷ್ಟೇ ಹಿಗ್ಗಿಸಿ ನುಡಿಸಿದರು. ಹಿಪ್‌ಹಾಪ್‌ನ ಬೇರು ಅಲ್ಲಿದೆ.

1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್‌ಗೆ ಬೆಲ್ಟ್ ಇಲ್ಲ; ಮೋಟಾರು ನೇರವಾಗಿ ತಟ್ಟೆಯನ್ನೇ ತಿರುಗಿಸುತ್ತದೆ. ತಟ್ಟೆಗೂ ರೆಕಾರ್ಡಿಗೂ ನಡುವೆ ಫೆಲ್ಟ್ ಬಟ್ಟೆಯ ಸ್ಲಿಪ್‌ಮ್ಯಾಟ್ ಹಾಸಿದರೆ, ಬೆರಳಿನಿಂದ ರೆಕಾರ್ಡ್ ತಡೆದರೂ ತಟ್ಟೆ ತಿರುಗುತ್ತಲೇ ಇರುತ್ತದೆ. ಬೆರಳು ತೆಗೆದೊಡನೆ ಹಾಡು ತನ್ನ ವೇಗ ಹಿಡಿಯುತ್ತದೆ. ಈ ಸ್ಪರ್ಶಸುಖಕ್ಕೆ ಸಾಟಿಯಿಲ್ಲ. ಆದರೆ ವೇಗ ಹೆಚ್ಚಿಸಿದರೆ ಶ್ರುತಿಯೂ ಏರುತ್ತದೆ, ರೆಕಾರ್ಡ್ ಪೆಟ್ಟಿಗೆಗಳ ಭಾರವೂ ಕಡಿಮೆಯದಲ್ಲ.

2001ರಲ್ಲಿ ಪಯನಿಯರ್ ಕಂಪನಿಯ ಸಿಡಿಜೆ-1000 ಪ್ಲೇಯರ್, ಸಿಡಿಯ ಹಾಡನ್ನೂ ಕೈಯಿಂದ ಹಿಂದೆಮುಂದೆ ಆಡಿಸಿ ಸ್ಕ್ರ್ಯಾಚ್ ಮಾಡಲು ದೊಡ್ಡ ಚಕ್ರ ಕೊಟ್ಟಿತು. ಶ್ರುತಿ ಕೆಡದಂತೆ ವೇಗ ಬದಲಿಸುವ ಸೌಲಭ್ಯವೂ ಅದರಲ್ಲಿತ್ತು. ಆಮೇಲೆ ಸಾವಿರಾರು ಹಾಡುಗಳು ಒಂದು ಪೆನ್‌ಡ್ರೈವ್‌ಗೆ ಇಳಿದವು.

ವಿನೈಲ್, ಫೈಲ್ ಎರಡನ್ನೂ ಬೆಸೆದ ಉಪಾಯ ಸೆರಾಟೊದಂಥ ತಂತ್ರಾಂಶದ್ದು. ಅದರ ವಿನೈಲ್‌ನಲ್ಲಿ ಹಾಡೇ ಇಲ್ಲ, ಸಂಕೇತದ ಸದ್ದು ಮಾತ್ರ. ಕೈಯ ಚಲನೆಯನ್ನು ಅದರಿಂದ ಅರಿತು ಲ್ಯಾಪ್‌ಟಾಪ್ ಫೈಲ್ ನುಡಿಸುತ್ತದೆ.

ಫೈಲ್‌ಗಳ ಕಾಲದಲ್ಲೂ ಟರ್ನ್‌ಟೇಬಲ್ ಮರೆಯಾಗಲಿಲ್ಲ: ಟೆಕ್ನಿಕ್ಸ್ 2010ರಲ್ಲಿ 1200 ಸರಣಿಯ ತಯಾರಿಕೆ ನಿಲ್ಲಿಸಿ, 2016ರಲ್ಲಿ ಮತ್ತೆ ಆರಂಭಿಸಿತು.